ಅರ್ಜಿದಾರರ ಪರ ವಕೀಲರು

ಮಳವಳ್ಳಿಯಲ್ಲಿ ವಕೀಲರಿಗೇನೂ ಬರ ಇರಲಿಲ್ಲ. ಆದರೆ ನಮ್ಮ ಚಿಕ್ಕಪ್ಪನಷ್ಟು ಸೊಗಸಾಗಿ ಸೋಲುವ ವಕೀಲ ಮಾತ್ರ ಇನ್ನೊಬ್ಬನಿರಲಿಲ್ಲ! ಗೆಲ್ಲುವುದೇನು ಮಹಾ, ಯಾರು ಬೇಕಾದರೂ ಗೆಲ್ಲುತ್ತಾರೆ. ಚಿಕ್ಕಪ್ಪ ಸೋಲುವುದನ್ನು ನೋಡಲು ಸಂತೆಗೆ ಬಂದವರು ಹೆಗಲ ಮೇಲಿನ ಚೀಲವನ್ನೂ ಇಳಿಸದೆ ಕಚೇರಿ ಬಾಗಿಲಲ್ಲಿ ನಿಲ್ಲುತ್ತಿದ್ದರು. ಎದುರು ಕಕ್ಷಿಯವರು ಏನೇನು ಹೇಳಬಹುದೋ ಅದನ್ನೆಲ್ಲ ಇವನೇ ಮೊದಲು ಹೇಳಿಬಿಡುತ್ತಿದ್ದ, ಆಮೇಲೆ ಒಂದೊಂದಾಗಿ ಒಡೆಯೋಣ ಎಂದು. ಅದನ್ನು ಎಷ್ಟು ಚೆನ್ನಾಗಿ ಹೇಳುತ್ತಿದ್ದ ಎಂದರೆ ಎದುರು ವಕೀಲರು ಎದ್ದು ನಿಂತು, ‘ಇದರ ಮೇಲೆ ನಾನು ಹೇಳೋದೇನೂ ಇಲ್ಲ’ ಎಂದು ಕೂತುಬಿಡುತ್ತಿದ್ದರು. ಇವನು ಒಡೆಯುವ ಹೊತ್ತಿಗೆ ಸಾಹೇಬರು ಊಟಕ್ಕೆ ಎದ್ದಿರುತ್ತಿದ್ದರು. ತೀರ್ಪು ಏನಾಗುತ್ತಿತ್ತು ಎಂದು ಬೇರೆ ಹೇಳಬೇಕೆ?

ಹೆಸರು ಕೇಳಬೇಡಿ. ಆ ಹೆಸರನ್ನು ಒಮ್ಮೆ ಬರೆಯಬಾರದ ಜಾಗದಲ್ಲಿ ಬರೆದು ನಾನು ಪಟ್ಟ ಪಾಡು ಸಾಕು. ಈಗ ಹೇಳಹೊರಟಿರುವುದೂ ಅದನ್ನೇ.

ಯುದ್ಧ ನಡೆಯುತ್ತಿದ್ದ ಕಾಲ. ನಾನು ಎಸ್‌ಎಸ್‌ಎಲ್‌ಸಿ ಪರೀಕ್ಷೆಗೆ ಕೂತಿದ್ದೆ. ನಮ್ಮ ಕೇರಿಯಲ್ಲಿ ಹೆಣ್ಣುಮಗಳೊಬ್ಬಳು ಅಲ್ಲಿವರೆಗೆ ಓದಿದ್ದೇ ಒಂದು ಸುದ್ದಿ. ಅವ್ವ ನಾನು ಚಿಕ್ಕವಳಿದ್ದಾಗಲೇ ತೀರಿಕೊಂಡಿದ್ದಳು, ಸಾಕಿದವಳು ಅಜ್ಜಿ. ಅಪ್ಪ ಬೇಸಾಯಗಾರ, ಮಾತು ಕಮ್ಮಿ, ಆಡಿದರೆ ಮುಗಿಯಿತು. ಹೊಳಲಿನ ಕಡೆಯಿಂದ ಒಂದು ಸಂಬಂಧ ಬಂದಿತ್ತು. ಗಂಡು ಕೆಟ್ಟವನಲ್ಲ ಎಂದು ಎಲ್ಲರೂ ಹೇಳುತ್ತಿದ್ದರು. ಇರಬಹುದು, ನಾನಂತೂ ನೋಡಿರಲಿಲ್ಲ! ನನಗೆ ಬೇಕಾಗಿದ್ದುದು ಮೈಸೂರಿಗೆ ಹೋಗಿ ಇಂಟರ್‌ಮೀಡಿಯೆಟ್ ಓದುವುದು, ಆಮೇಲೆ ಸ್ಕೂಲಿನಲ್ಲಿ ಪಾಠ ಹೇಳುವ ಮೇಡಮ್ಮ ಆಗುವುದು. ಅದನ್ನು ಅಪ್ಪನ ಮುಂದೆ ಹೇಳುವ ಧೈರ್ಯ ನನಗೆಲ್ಲಿ? ಹೇಳಿದ್ದು ಚಿಕ್ಕಪ್ಪ. ಕೇಸು ಗೆಲ್ಲಲು ಬರದಿದ್ದರೂ ಅದನ್ನು ಇನ್ನೊಂದು ದಿನಕ್ಕೆ ತಳ್ಳಿಸಿ ವಾಯ್ದೆ ತರುವುದರಲ್ಲಿ ಅವನನ್ನು ಮೀರಿಸುವವರಿರಲಿಲ್ಲ. ಊಟಕ್ಕೆ ಕೂತವನು ತುತ್ತು ಮುಟ್ಟದೆ ವಾದ ಮಾಡಿದ.

ಅಪ್ಪ ಕೊನೆಗೆ ಅಂದ: “ಆಯ್ತು ಬುಡ್ಲಾ. ಮೊದಲ್ನೇ ಸಲಕ್ಕೇ ಪಾಸಾದ್ರೆ ಓದ್ಲಿ. ಡುಮ್ಕಿ ಒಡುದ್ಲಾ, ಒಳಲಿನೋರ್ಗೆ ಊಂ ಅಂತೀನಿ. ಆಮೇಲೆ ನೀನು ಬಾಯಿ ಬುಡ್ಬಾರ್ದು.”

“ಬುಡಾಕಿಲ್ಲ,” ಎಂದು ಚಿಕ್ಕಪ್ಪ ಆಣೆ ಇಟ್ಟ. ಬಾಯಿ ಬಿಡದೆ ಅವನು ಬದುಕುವುದು ಹೇಗೆ ಎಂದು ನನಗೆ ಅವತ್ತೇ ಚಿಂತೆಯಾಯಿತು.

ನನಗೆ ಲೆಕ್ಕ ಬರುತ್ತಿತ್ತು, ಇಂಗ್ಲಿಷೂ ಹೇಗೋ ಬರುತ್ತಿತ್ತು. ಕುತ್ತಿಗೆಗೆ ಬಂದದ್ದು ಚರಿತ್ರೆ! ಸ್ಕೂಲಿನ ಪ್ರಿಪರೇಟರಿ ಪರೀಕ್ಷೆಯಲ್ಲಿ ಅದೊಂದರಲ್ಲೇ ಫೇಲಾದೆ. ಆ ಪೇಪರಿನಲ್ಲಿ ಒಂದು ದೊಡ್ಡ ಪ್ರಬಂಧ ಬರೆಯಬೇಕಿತ್ತು; ಅದು ಕೆಟ್ಟರೆ ಉಳಿದದ್ದೆಲ್ಲ ಕೆಟ್ಟ ಹಾಗೆ. ‘ವಿಜಯನಗರದ ಪತನಕ್ಕೆ ಕಾರಣಗಳು’ ಎಂದು ಕೇಳಿದ್ದರು. ನಾನು ಸ್ಥಾಪನೆಯಿಂದ ಹಿಡಿದುಕೊಂಡು ಬಂದೆ. ರಾಜರ ಪಟ್ಟಾಭಿಷೇಕ, ದಂಡಯಾತ್ರೆ, ಬೀದಿಯಲ್ಲಿ ಮುತ್ತುರತ್ನ ಅಳೆದು ಮಾರಿದ್ದು, ಒಂದನ್ನೂ ಬಿಡಲಿಲ್ಲ. ಪತನ ಬರುವ ಮೊದಲೇ ಗಂಟೆ ಹೊಡೆಯಿತು.

ಚಿಕ್ಕಪ್ಪ ಆ ಉತ್ತರಪತ್ರಿಕೆ ಓದಿ ಕನ್ನಡಕ ತೆಗೆದ. “ಅಲ್ಲ ಕಣವ್ವ, ಗ್ವಾಡೆ ಬಿತ್ತು ಅಂತ ಕೇಸು. ಯಾಕೆ ಬಿತ್ತು ಅಂತ ಸಾಹೇಬ್ರು ಕೇಳ್ತಾವ್ರೆ. ನೀನು ಪಾಯ ತೋಡ್ದಾಗ ಯಾರ್ಯಾರ್ಗೆ ಊಟ ಆಕಿದ್ರು ಅಂತ ಏಳ್ತಾ ಕುಂತಿದ್ದೀಯಲ್ಲ!”

ಅಂದಿನಿಂದ ನಮ್ಮ ನಡುಮನೆ ಕೋರ್ಟಾಯಿತು. ನಾನು ಒರಳುಕಲ್ಲಿನ ಪಕ್ಕ ನಿಂತು ವಾದ ಮಾಡಬೇಕು. ಅವರೆಕಾಯಿ ಸುಲಿಯುತ್ತ ಕೂತ ಅಜ್ಜಿ ನ್ಯಾಯಾಧೀಶೆ. ಚಿಕ್ಕಪ್ಪ ಎದುರು ಕಕ್ಷಿ. ಅವನ ಕಾನೂನು ಇಷ್ಟು: ಪ್ರಶ್ನೆ ಓದಿದ ತಕ್ಷಣ ಪೆನ್ನು ಎತ್ತಬಾರದು, ವಿವಾದ ಏನು ಎಂದು ಮೊದಲು ಕೇಳಿಕೊಳ್ಳಬೇಕು. ನಿನ್ನ ವಾದವನ್ನು ಮೊದಲ ಮಾತಿನಲ್ಲೇ ಹೇಳಬೇಕು. ಆಮೇಲಿನ ಒಂದೊಂದು ಪ್ಯಾರವೂ ಒಬ್ಬೊಬ್ಬ ಸಾಕ್ಷಿ. ಸಾಕ್ಷಿ ಬಂದವನು ವಿವಾದಕ್ಕೆ ಬೇಕಾದ್ದನ್ನು ಹೇಳಿ ಇಳಿದು ಹೋಗಬೇಕು, ಮನೆ ಮಠದ ಸುದ್ದಿ ಎತ್ತಬಾರದು. ಎದುರಿನವರು ಏನನ್ನುತ್ತಾರೋ ಅದನ್ನೂ ಬರೆಯಬೇಕು, ಬರೆದು ಒಡೆಯಬೇಕು. “ಬೇಗ ಒಡೀಬೇಕು, ನನ್ನಂಗೆ ಮಾಡ್ಬ್ಯಾಡ,” ಎಂದು ತಾನೇ ನಗುತ್ತಿದ್ದ. ಕೊನೆಯ ಪ್ಯಾರಕ್ಕೆ ಅವನಿಟ್ಟ ಹೆಸರು ಪ್ರಾರ್ಥನೆ. ಅರ್ಜಿಯ ಕೊನೆಯಲ್ಲಿ ಇಂಥದ್ದು ಆಗಬೇಕೆಂದು ಪ್ರಾರ್ಥನೆ ಅಂತ ಬರೆಯುವುದಿಲ್ಲವೆ, ಹಾಗೆ ಪ್ರಬಂಧದಲ್ಲೂ ಓದಿದವರು ಏನು ತೀರ್ಮಾನ ಮಾಡಬೇಕೋ ಅದನ್ನು ಕೇಳಿ ಮುಗಿಸಬೇಕಂತೆ.

ನ್ಯಾಯಾಧೀಶೆಯದೇ ತೊಂದರೆ. ಒಂದು ದಿನ ಮೊಗಲರ ಪತನದ ವಿಚಾರಣೆ. ನಾನು ದಕ್ಷಿಣದ ಯುದ್ಧಗಳನ್ನು ಸಾಕ್ಷಿಗೆ ಕರೆದೆ, ಬರಿದಾದ ಬೊಕ್ಕಸವನ್ನು ಕರೆದೆ. ಅಜ್ಜಿ ಎಲ್ಲ ಕೇಳಿಸಿಕೊಂಡು, “ಎತ್ತಪ್ಪನ್ನ ಸೆರೆಗಾಕ್ದೋನು ಉದ್ಧಾರ ಆಯ್ತಾನಾ? ಬುಡ್ರತ್ಲಾಗೆ, ಕಾಯಿ ಸುಲೀರಿ,” ಎಂದು ತೀರ್ಪು ಕೊಟ್ಟುಬಿಟ್ಟಳು.

“ಅವ್ವೋ, ಒಂದೇ ಕಾರ್ಣ ಸಾಲ್ದು!” ಎಂದು ಚಿಕ್ಕಪ್ಪ ಕೂಗಾಡಿದ.

“ನಂಗೆ ಸಾಕು ಕಣ್ಲಾ,” ಎಂದಳು ಅಜ್ಜಿ. ಚಿಕ್ಕಪ್ಪ ಮನೆಯಲ್ಲೂ ಸೋತ.

ಇನ್ನೊಂದು ಅಭ್ಯಾಸವಿತ್ತು. ಅವನ ಅರ್ಜಿಗಳನ್ನೆಲ್ಲ ಶುದ್ಧಪ್ರತಿ ಮಾಡಿಕೊಡುತ್ತಿದ್ದವಳು ನಾನು. ವಾದ ಹೆಣೆಯುವುದು ಕೈಗೆ ಹತ್ತಲಿ ಎಂದು ಆ ಬೇಸಿಗೆಯ ಮೊದಲಲ್ಲಿ ಇನ್ನೂ ಹೆಚ್ಚು ಕೊಟ್ಟ. ಭಾಗದ ಜಗಳ, ಬದುವಿನ ಜಗಳ, ಬೇಲಿ ದಾಟಿದ ಎಮ್ಮೆಯ ಜಗಳ. ಎಲ್ಲದರ ಕೊನೆಯೂ ಒಂದೇ: ತಾವು ದಯಾಪರರಾಗಿ ನ್ಯಾಯ ದೊರಕಿಸಿಕೊಡಬೇಕೆಂದು ಪ್ರಾರ್ಥನೆ. ಅದರ ಕೆಳಗೆ ‘ಅರ್ಜಿದಾರರ ಪರ ವಕೀಲರು’, ಅದರ ಕೆಳಗೆ ಅವನ ಹೆಸರು, ಮಳವಳ್ಳಿ. ಬರೆದು ಬರೆದು ಅದು ನಿದ್ದೆಯಲ್ಲೂ ಬರುತ್ತಿತ್ತು.

ಪರೀಕ್ಷಾ ಕೇಂದ್ರ ಮಂಡ್ಯ. ಉಳಿದ ಪೇಪರುಗಳಿಗೆ ಅಲ್ಲೇ ನೆಂಟರ ಮನೆಯಲ್ಲಿದ್ದೆ. ಚರಿತ್ರೆ ಕೊನೆಯದು, ಅದಕ್ಕೆ ಮುಂಚೆ ರಜ. ಅಲ್ಲೇ ಕೂತು ಓದಿಕೊಳ್ಳಲು ಚಿಕ್ಕಪ್ಪ ಬಿಟ್ಟನೆ? ವಾದ ಪಕ್ಕಾ ಮಾಡಬೇಕು ಎಂದು ಊರಿಗೆ ಕರೆದುಕೊಂಡು ಬಂದ. ಪರೀಕ್ಷೆಯ ದಿನ ಬೆಳಿಗ್ಗೆ ಮದ್ದೂರಿಗೆ ಬಸ್ಸು, ಅಲ್ಲಿಂದ ಮಂಡ್ಯಕ್ಕೆ ರೈಲು ಎಂದು ಲೆಕ್ಕ. ಪೆಟ್ರೋಲು ಸಿಗದ ಆ ದಿನಗಳಲ್ಲಿ ಬಸ್ಸುಗಳು ಇದ್ದಲಿನ ಗ್ಯಾಸಿನಲ್ಲಿ ಓಡುತ್ತಿದ್ದವು. ಬೆನ್ನಿಗೆ ಒಂದು ದೊಡ್ಡ ಒಲೆ ಕಟ್ಟಿಕೊಂಡು, ಕೆಮ್ಮಿಕೊಂಡು, ಮನಸ್ಸು ಬಂದಾಗ ಹೊರಡುವವು! ನಮ್ಮ ಬಸ್ಸು ಮದ್ದೂರಿನ ಹತ್ತಿರದ ಒಂದು ಏರಿನಲ್ಲಿ ನಿಂತೇಬಿಟ್ಟಿತು.

ಚಿಕ್ಕಪ್ಪ ಕಪ್ಪು ಕೋಟು ಎಳೆದುಕೊಂಡು ಇಳಿದು ಡ್ರೈವರ್ ಸಾಬರನ್ನು ವಿಚಾರಣೆಗೆ ಹಿಡಿದ. “ಒರಡೋವಾಗ ಇದ್ಲು ತುಂಬಿದ್ದು ನಿಜವೋ ಸುಳ್ಳೋ? ಆ ಇದ್ಲು ಒಣಗಿತ್ತೋ ಅಸಿಯೋ?”

“ಸ್ವಾಮಿ, ಎಲ್ಲಾ ಒಪ್ಕೊತೀನಿ. ಮೊದ್ಲು ಈ ಫ್ಯಾನ್ ತಿರುಗ್ಸಿ,” ಎಂದರು ಸಾಬರು.

ಚಿಕ್ಕಪ್ಪ ಹಿಡಿ ಹಿಡಿದು ಒಲೆಗೆ ಗಾಳಿ ಊದುವ ಫ್ಯಾನು ತಿರುಗಿಸಿದ. ತಿರುಗಿಸುತ್ತಲೇ, “ಸಾಕ್ಷಿ ಬಂದ್ರೆ ಏನ್ ಮಾಡ್ಬೇಕು?” ಎಂದು ನನ್ನನ್ನು ಕೇಳಿದ.

“ಹೇಳಿ ಇಳೀಬೇಕು,” ಎಂದು ನಾನು ಅಳುತ್ತ ಹೇಳಿದೆ.

ಒಲೆ ಹತ್ತಿಕೊಂಡಿತು. ಚಿಕ್ಕಪ್ಪನ ಮುಖ, ಕೋಟು, ಪಂಚೆ ಎಲ್ಲವೂ ಒಂದೇ ಬಣ್ಣವಾಗಿದ್ದವು. ಮದ್ದೂರು ಸ್ಟೇಷನ್ನಿಗೆ ಓಡಿದೆವು. ವಡೆ ಮಾರುವವರು ಬುಟ್ಟಿ ಇಳಿಸಿ ದಾರಿ ಬಿಟ್ಟರು. ಗಾರ್ಡು ಹಸಿರು ಬಾವುಟ ಬಿಚ್ಚಿ ನಿಂತಿದ್ದ. ಚಿಕ್ಕಪ್ಪ ನೇರ ಅವನ ಎದುರಿಗೆ ಹೋಗಿ ನಿಂತು ವಾಯ್ದೆ ಕೇಳಿದ! ಈ ಹೆಣ್ಣುಮಗಳು ಹತ್ತುವವರೆಗೆ ಗಾಡಿ ಯಾಕೆ ನಿಲ್ಲಬೇಕು ಎಂಬುದಕ್ಕೆ ಕಾರಣ ಕೊಟ್ಟ. ಗಾಡಿ ಯಾಕೆ ನಿಲ್ಲಬಾರದು ಎಂಬುದಕ್ಕೆ ಗಾರ್ಡಿನ ಪರವಾಗಿ ತಾನೇ ಕಾರಣ ಕೊಟ್ಟ. ಆಮೇಲೆ ಅದನ್ನು ಒಡೆಯಲು ಶುರುಮಾಡಿದ. ಅಷ್ಟರಲ್ಲಿ ನಾನು ಹೆಂಗಸರ ಡಬ್ಬಿ ಹತ್ತಿಯಾಗಿತ್ತು. ಗಾರ್ಡು ಬಾವುಟ ಬೀಸಿದ. ಗಾಡಿ ಹೊರಟಿತು. ಚಿಕ್ಕಪ್ಪ ಪ್ಲಾಟ್‌ಫಾರಂ ಮೇಲೇ ಉಳಿದ!

ಗಾಡಿಯ ಜೊತೆ ಓಡುತ್ತ ಕೂಗಿದ: “ಪ್ರಾರ್ಥನೆ ಮರೀಬ್ಯಾಡ ಕಣವ್ವಾ! ಪ್ರಾರ್ಥನೆ!”

ಡಬ್ಬಿಯಲ್ಲಿದ್ದ ಹೆಂಗಸೊಬ್ಬಳು, “ಎಂಥಾ ದೈವಭಕ್ತರು ನಿಮ್ಮಪ್ಪ,” ಎಂದಳು. ಕಿಟಕಿಯಾಚೆ ನಾಲೆ ನೀರು ಕುಡಿದ ಕಬ್ಬಿನ ಗದ್ದೆಗಳು ಹಿಂದಕ್ಕೆ ಹೋಗುತ್ತಿದ್ದವು.

ಪರೀಕ್ಷೆಯ ಹಾಲಿಗೆ ಹೋದಾಗ ಮೇಲ್ವಿಚಾರಕರು ನಿಯಮ ಓದುತ್ತಿದ್ದರು. ಉತ್ತರಪತ್ರಿಕೆಯೊಳಗೆ ಹೆಸರು, ಊರು, ಯಾವ ಗುರುತೂ ಬರೆಯಕೂಡದು. ಬರೆದರೆ ಪತ್ರಿಕೆ ರದ್ದು. ಕೇಳಿಸಿಕೊಂಡೆ. ಪ್ರಶ್ನೆಪತ್ರಿಕೆ ತಿರುಗಿಸಿದೆ. ದಕ್ಷಿಣದ ರಾಜ್ಯಗಳ ಏಳಿಗೆಯಲ್ಲಿ ನೀರಾವರಿಯ ಪಾತ್ರ ಕುರಿತು ಪ್ರಬಂಧ! ಅಯ್ಯೋ ದೇವರೆ, ನಾನು ಬಾಯಿಪಾಠ ಮಾಡಿದ ಯಾವ ಉತ್ತರವೂ ಅಲ್ಲ. ಸುತ್ತ ಎಲ್ಲರ ಪೆನ್ನೂ ಓಡುತ್ತಿದೆ, ನನ್ನದು ಮಾತ್ರ ನಿಂತಿದೆ. ಇನ್ನು ಹೊಳಲೇ ಗತಿ ಅಂದುಕೊಂಡೆ.

ವಿವಾದ ಏನು ಎಂದು ಕಿವಿಯಲ್ಲಿ ಚಿಕ್ಕಪ್ಪನ ದನಿ ಕೇಳಿದ ಹಾಗಾಯಿತು. ರಾಜರ ಕಥೆ ಹೇಳು ಅಂತ ಕೇಳಿಲ್ಲವಲ್ಲ. ನೀರಿನಿಂದ ರಾಜ್ಯಕ್ಕೆ ಏನು ಬಂತು ಅಂತ ತಾನೆ ಕೇಳಿರುವುದು? ಬರೆದೆ. ಗೆದ್ದ ನೆಲವನ್ನು ಉಳಿಸಿಕೊಟ್ಟದ್ದು ಕೆರೆಕಾಲುವೆ ಎಂಬುದೇ ನನ್ನ ವಾದ ಎಂದು ಮೊದಲ ಮಾತಿನಲ್ಲೇ ಇಟ್ಟೆ. ಗಂಗರ ಕೆರೆಗಳನ್ನು ಸಾಕ್ಷಿಗೆ ಕರೆದೆ, ಹೊಯ್ಸಳರ ಕೆರೆಗಳನ್ನು ಕರೆದೆ, ವಿಜಯನಗರದ ಕಾಲುವೆಗಳನ್ನು ಕರೆದೆ. ಮುತ್ತುರತ್ನ ಬಾಗಿಲಲ್ಲೇ ನಿಂತು ಒಳಗೆ ಬರೋಣವೇ ಎಂದು ಕೇಳಿದವು, ಗದರಿಸಿ ಕಳಿಸಿದೆ! ಕತ್ತಿ ಇಲ್ಲದಿದ್ದರೆ ಕೆರೆ ಕಾಯುವವರು ಯಾರು ಎಂದು ಎದುರು ಕಕ್ಷಿಯ ಪರವಾಗಿ ಕೇಳಿ, ಕತ್ತಿ ಹಿಡಿದವನಿಗೂ ಅನ್ನ ಬೇಕು ಎಂದು ಬೇಗ ಒಡೆದೆ. ಬೆಳಿಗ್ಗೆ ರೈಲಿನಿಂದ ಕಂಡ ಕಬ್ಬಿನ ಗದ್ದೆಯನ್ನು ಕೊನೆಯ ಸಾಕ್ಷಿಯಾಗಿ ನಿಲ್ಲಿಸಿದೆ. ಎಚ್ಚರಿಕೆಯ ಗಂಟೆ ಹೊಡೆಯಿತು. ಪ್ರಾರ್ಥನೆ ಮರೀಬ್ಯಾಡ! ಕೈ ಓಡಿತು.

ಮೇಲ್ವಿಚಾರಕರು ಪತ್ರಿಕೆ ಎಳೆದುಕೊಳ್ಳುವಾಗ ಕೊನೆಯ ಸಾಲುಗಳ ಮೇಲೆ ಕಣ್ಣು ಬಿತ್ತು. ಆದ ಕಾರಣ ತಾವು ದಯಾಪರರಾಗಿ ಈ ವಾದವನ್ನು ಮನ್ನಿಸಬೇಕೆಂದು ಪ್ರಾರ್ಥನೆ. ಅರ್ಜಿದಾರರ ಪರ ವಕೀಲರು. ಚಿಕ್ಕಪ್ಪನ ಹೆಸರು. ಮಳವಳ್ಳಿ.

“ಸಾರ್, ಒಂದು ಸಾಲು ಹೊಡೆದುಹಾಕ್ತೀನಿ ಸಾರ್!”

“ಗಂಟೆ ಆಯ್ತಮ್ಮ,” ಎಂದು ಅವರು ಮುಂದಿನ ಬೆಂಚಿಗೆ ಹೋದರು.

ಗೇಟಿನ ಹೊರಗೆ ಚಿಕ್ಕಪ್ಪ ನಿಂತಿದ್ದ. ಸೌದೆ ಲಾರಿ ಹತ್ತಿ ಬಂದಿದ್ದನಂತೆ, ಮುಖದ ಮಸಿ ಹಾಗೇ ಇತ್ತು. ಹೇಳಿದೆ. ಬೈಯುತ್ತಾನೆ ಅಂದುಕೊಂಡೆ, ನಿಯಮದಲ್ಲೊಂದು ಸಂದು ಹುಡುಕುತ್ತಾನೆ ಅಂದುಕೊಂಡೆ. ಅವನು ಬಾಯೇ ತೆರೆಯಲಿಲ್ಲ. ಹುಟ್ಟಿದಾರಭ್ಯ ಅವನು ಸುಮ್ಮನಿದ್ದುದನ್ನು ಕಂಡವಳಲ್ಲ ನಾನು, ನನಗೆ ಭಯವಾಯಿತು.

ಫಲಿತಾಂಶ ಬರುವವರೆಗಿನ ದಿನಗಳು ಹೇಗೆ ಕಳೆದವೋ! ಅಪ್ಪನಿಗೆ ನಾವಿಬ್ಬರೂ ಹೇಳಲಿಲ್ಲ. ಹೊಳಲಿನ ಹಿರಿಯರು ಬಂದಾಗಲೆಲ್ಲ ಚಿಕ್ಕಪ್ಪ ವಾಯ್ದೆ ತೆಗೆದುಕೊಂಡ. ಒಂದು ಸಲ ಅಮಾವಾಸ್ಯೆ ಅಂದ, ಇನ್ನೊಂದು ಸಲ ಅಜ್ಜಿಗೆ ಸೊಂಟ ನೋವು ಅಂದ. “ನನ್ ಸೊಂಟಕ್ಕೇನಾಗದ್ಲಾ, ನಿನ್ ನಾಲ್ಗೆ ಬಿದ್ದೋಗ!” ಎಂದು ಅಜ್ಜಿ ಒಳಗಿನಿಂದಲೇ ಕೂಗಿ ಆ ಸಾಕ್ಷಿಯನ್ನೂ ಕೆಡಿಸಿದಳು. ಕಚೇರಿಯಲ್ಲಿ ಅವನು ಎರಡು ಮಾತಾಡಿ ಕೂತುಬಿಡುತ್ತಿದ್ದನಂತೆ. ಬಾಗಿಲಲ್ಲಿ ನಿಲ್ಲುತ್ತಿದ್ದ ಸಂತೆಯವರು ಬೇಜಾರಾಗಿ ಸಂತೆಗೇ ಹೋದರು.

ಒಮ್ಮೆ ಹಿತ್ತಲಲ್ಲಿ ನನ್ನನ್ನು ನಿಲ್ಲಿಸಿ, “ನಾನೇ ಓಗಿ ತಪ್ಪು ನಂದು ಅಂತ ಒಪ್ಕೊಂಬುಡನಾ ಅಂದ್ರೆ ಯಾರತ್ರ ಓಗ್ಲವ್ವ? ಪೇಪರ್ ಯಾರು ನೋಡ್ತಾರೋ, ಎಲ್ಲವ್ರೋ. ಎಲ್ಲಾರ ಕೇಸೂ ಸೋತಿದ್ದೀನಿ, ನಿಂದು ಸೋಲ್ಬಾರ್ದಿತ್ತು,” ಎಂದ. ನನಗೆ ಅಳು ತಡೆಯಲಾಗಲಿಲ್ಲ.

ಫಲಿತಾಂಶದ ಪೇಪರು ಮಧ್ಯಾಹ್ನದ ಬಸ್ಸಿಗೆ ಬಂತು. ತರಲು ಚಿಕ್ಕಪ್ಪನೇ ಹೋದ. ಜಗುಲಿಯ ಮೇಲೆ ಅಪ್ಪ, ಅಜ್ಜಿ, ನಾನು. ಚಿಕ್ಕಪ್ಪ ನಿಧಾನವಾಗಿ ಬಂದು ಪೇಪರನ್ನು ಅಪ್ಪನ ಕೈಗೆ ಕೊಟ್ಟು, ಕಂಬಕ್ಕೊರಗಿ ನಿಂತುಕೊಂಡ. ಅಪ್ಪ ನನ್ನ ನಂಬರು ಕೇಳಿದ. ಬೆರಳಿಟ್ಟು ಮೇಲಿನಿಂದ ಕೆಳಕ್ಕೆ ಹುಡುಕಿದ. ಬೆರಳು ಒಂದು ಕಡೆ ನಿಂತಿತು.

“ಐತೆ ಕಣಮ್ಮಿ,” ಎಂದ ಅಪ್ಪ. “ಒಳಲಿನೋರ್ಗೆ ಬ್ಯಾಡ ಅಂತ ಏಳಿ ಕಳುಸ್ತೀನಿ,” ಎಂದು ಎದ್ದು ಒಳಗೆ ಹೋದ.

ನನ್ನ ಉತ್ತರಪತ್ರಿಕೆ ತಿದ್ದಿದ ಆ ಪುಣ್ಯಾತ್ಮರು ಕೊನೆಯ ಸಾಲನ್ನು ನೋಡಲಿಲ್ಲವೋ, ನೋಡಿ ನಕ್ಕು ಬಿಟ್ಟರೋ, ನನಗೆ ಇವತ್ತಿಗೂ ತಿಳಿಯದು. ನಾನು ಕುಣಿಯುತ್ತ ಚಿಕ್ಕಪ್ಪನ ಹತ್ತಿರ ಓಡಿದೆ. ಈಗಲಾದರೂ ಒಂದು ಭಾಷಣ ಬಿಗಿಯುತ್ತಾನೆ ಎಂದು ಕಾದೆ. ಅವನು ಕನ್ನಡಕ ತೆಗೆದು ಕೋಟಿನ ತುದಿಯಲ್ಲಿ ಒರೆಸುತ್ತಲೇ ಇದ್ದ.

“ನನ್ನೆಸ್ರು ಪೂರ್ತಿ ಬರ್ದಿದ್ದೇನವ್ವ?” ಎಂದು ಕೇಳಿದ.

“ಪೂರ್ತಿ ಚಿಕ್ಕಪ್ಪ. ಊರೂ ಬರೆದಿದ್ದೆ.”

“ಗೆದ್ದ ಕೇಸಿನ ಕೆಳ್ಗೆ ನನ್ನೆಸ್ರು ಬಿದ್ದಿದ್ದು ಇದೇ ಮೊದ್ಲು ಕಣವ್ವ,” ಎಂದ ಚಿಕ್ಕಪ್ಪ. ಆಮೇಲೆ ನನ್ನ ತಲೆಯ ಮೇಲೆ ಕೈಯಿಟ್ಟು, ಬಹಳ ಹೊತ್ತು ತೆಗೆಯಲೇ ಇಲ್ಲ.