ಹಸೆಗೆ ಕರೆಯುವ ಹಾಡೂ ಭಾವನ ಟೇಪ್ ರೆಕಾರ್ಡರೂ

ನಾನು ಯಾವ ಕೆಲಸಕ್ಕೂ ಓಡುವವನಲ್ಲ. ಆದರೆ ನಮ್ಮ ಮನೆಯಲ್ಲಿ ಬೇರೆ ಯಾರಾದರೂ ಅವಸರ ಮಾಡಿದರೆ ಸಾಕು, ನಗುವಂಥದ್ದು ಒಂದಲ್ಲ ಒಂದು ಆಗಿಯೇ ಆಗುತ್ತದೆ. ಎಂಬತ್ತರ ದಶಕದ ಆರಂಭದಲ್ಲಿ, ಬಹರೈನಿನಲ್ಲಿದ್ದ ನನ್ನ ತಂಗಿಯ ಗಂಡ, ಅಂದರೆ ಭಾವ, ರಜೆಯ ಕೊನೆಯ ಐದು ದಿನಕ್ಕೆ ಕಾಪುವಿನ ನಮ್ಮ ಮನೆಗೆ ಬಂದಾಗ ಆದದ್ದು ಇವೆಲ್ಲ. ತಂಗಿ ಬಸುರಿ, ಬರುವಂತಿರಲಿಲ್ಲ. ಅಮ್ಮನ ಹಾಡುಗಳನ್ನು ಕ್ಯಾಸೆಟ್ಟಿನಲ್ಲಿ ತುಂಬಿಸಿ ತರಬೇಕು, ಅದರಲ್ಲೂ ತನ್ನ ಮದುವೆಯಲ್ಲಿ ಮದುಮಕ್ಕಳನ್ನು ಮಣೆಗೆ ಬರಹೇಳಲು ಹಾಡಿದ, ಹಸೆಗೆ ಕರೆಯುವ ಹಾಡು ಇರಲೇಬೇಕು ಎಂದು ಹೇಳಿ ಕಳುಹಿಸಿದ್ದಳು.

"ಅದಿಲ್ಲದೆ ನೀವೂ ಬರಬೇಡಿ ಅಂದಿದ್ದಾಳೆ," ಎಂದರು ಭಾವ. ನಗಲಿಲ್ಲ.

ಚಿಕ್ಕದೊಂದು

ಮೊದಲ ದಿನ ಬೆಳಿಗ್ಗೆ ಏಳಕ್ಕೇ ಭಾವ ಟೇಪ್ ರೆಕಾರ್ಡರನ್ನು ಚಾವಡಿಯಲ್ಲಿಟ್ಟು ಕಾದರು. ಅಮ್ಮ ಸ್ನಾನ, ತುಳಸಿಗೆ ನೀರು, ಜಪ ಎಲ್ಲ ಮುಗಿಸಿ ಬರುವಾಗ ಹತ್ತೂವರೆ. ಅಷ್ಟರಲ್ಲಿ ಭಾವ ಚಾವಡಿಗೂ ಅಂಗಳಕ್ಕೂ ನೂರು ಸಲ ನಡೆದಿದ್ದರು.

"ಅತ್ತೆ, ಮೆಷಿನು ಸರಿ ಉಂಟಾ ನೋಡಬೇಕು. ಚಿಕ್ಕದೊಂದು ಹಾಡಿ."

ಅಮ್ಮನಿಗೆ ಬರುವ ಹಾಡುಗಳಲ್ಲಿ ಅತಿ ಚಿಕ್ಕದು ಮಂಗಳ. ಕಣ್ಣು ಮುಚ್ಚಿ ಅದನ್ನೇ ಹಾಡಿ, ಕೈಮುಗಿದು ಎದ್ದರು.

"ಲಾಯ್ಕ ಬಂತು. ಇನ್ನು ಶುರು ಮಾಡುವಾ?"

"ಎಂತ ಶುರು? ಮಂಗಳ ಆಯಿತಲ್ಲ! ಮಂಗಳ ಹಾಡಿದ ಮೇಲೆ ಅದೇ ದಿನ ಮತ್ತೆ ಹಾಡುವ ಕ್ರಮ ಇಲ್ಲ."

ಭಾವ ನನ್ನ ಮುಖ ನೋಡಿದರು. ನಾನು ಪಂಚಾಂಗ ನೋಡಿದೆ. ಮರುದಿನ ಏಕಾದಶಿ. ಅಮ್ಮನದು ಉಪವಾಸ ಮಾತ್ರವಲ್ಲ, ಮೌನ ಕೂಡ.

ಮೈಕಿಗೆ ಶುದ್ಧ

ಮೆಷಿನಿನೊಳಗಿನ ಮೈಕಿನಲ್ಲಿ ಅಮ್ಮನ ದನಿಗಿಂತ ಮೆಷಿನಿನ ಗರಗರವೇ ಹೆಚ್ಚು ಕೇಳುತ್ತಿತ್ತು. ಸ್ಟುಡಿಯೋ ನಮಗೆ ಆಗುವ ಮಾತಲ್ಲ. ಏಕಾದಶಿಯ ದಿನ ಉಡುಪಿಗೆ ಹೋಗಿ, ಸಭೆ ಸಮಾರಂಭಗಳಿಗೆ ಧ್ವನಿವರ್ಧಕ ಬಾಡಿಗೆಗೆ ಕೊಡುವ ಪರಿಚಯದವರಿಂದ ಒಂದು ಮೈಕ್ ಕೇಳಿ ತಂದೆ.

ಮರುದಿನ ಅಮ್ಮ ಅದನ್ನು ದೂರದಿಂದಲೇ ನೋಡಿದರು. "ಇದರಲ್ಲಿ ಮೊದಲು ಯಾರು ಮಾತಾಡಿದ್ದು?"

ಸುಳ್ಳು ಹೇಳುವ ಅಭ್ಯಾಸ ನನಗಿಲ್ಲ. "ಮೊನ್ನೆ ಮಣಿಪಾಲದಲ್ಲಿ ಚುನಾವಣೆಯ ಭಾಷಣಕ್ಕೆ ಹೋಗಿತ್ತಂತೆ."

"ಹಾಗಾದರೆ ಎಂಜಲು."

"ಅತ್ತೆ, ಅದು ಬಾಯಿಗೆ ತಾಗುವುದಿಲ್ಲ!"

"ಭಾಷಣ ಮಾಡುವವರ ಉಗುಳು ಎಲ್ಲಿಯವರೆಗೆ ಹಾರುತ್ತದೆ ಅಂತ ನಿಮಗೆ ಗೊತ್ತುಂಟಾ?"

ಭಾವ "ಕರೆಂಟು, ಕರೆಂಟು" ಎನ್ನುವಷ್ಟರಲ್ಲಿ ತುಳಸಿಯ ಕುಡಿಯಿಂದ ತೀರ್ಥ ಬಿದ್ದಾಗಿತ್ತು. ಮೇಲೊಂದು ಗಂಧದ ಬೊಟ್ಟು. ದೇವರ ದಯೆ, ಏನೂ ಆಗಲಿಲ್ಲ. ಆ ದಿನ ನಾಲ್ಕು ಹಾಡು ಸಿಕ್ಕಿತು.

ಕೆಲಸವೆಲ್ಲ ಮುಗಿದು ಮೈಕ್ ಮರಳಿಸಲು ಹೋದಾಗ ಅಂಗಡಿಯವರು ಗಂಧವನ್ನು ನೋಡಿ, ವಿಷಯ ಕೇಳಿ ಗಾಬರಿಯಾದರು.

"ಎಂತ ಮಾಡಿದಿರಿ ಭಟ್ರೇ! ನಾಳೆ ಇನ್ನೊಂದು ಭಾಷಣ ಉಂಟು. ಶುದ್ಧ ಮಾಡಿದ ಮೈಕಿನಲ್ಲಿ ಅವರಿಗೆ ಮಾತೇ ಹೊರಡದಿದ್ದರೆ?"

ತೊಟ್ಟಿಲ ಹಾಡು

ನಾಲ್ಕನೆಯ ದಿನ, ಅಮ್ಮ ಕೃಷ್ಣನನ್ನು ತೂಗುವ ಹಾಡು ಎತ್ತುವುದಕ್ಕೂ ಮಾರ್ಗದಲ್ಲಿ ಮೀನಿನವರ ಸೈಕಲ್ಲಿನ 'ಪೋಂ ಪೋಂ' ಕೇಳುವುದಕ್ಕೂ ಸರಿಯಾಯಿತು. ಮೂರು ಸಲ ಶುರು, ಮೂರು ಸಲ ಪೋಂ.

"ಭಾವ, ಓಡಿ, ಓಡಿ ನಿಲ್ಲಿಸಿ ಅವರನ್ನು!" ಎಂದು ಭಾವ ನನಗೆ ಕೂಗಿದರು. ಅವರಿಗೆ ನಾನೂ ಭಾವನೇ.

ನಾನು ನಡೆದೇ ಹೋದೆ. ಮೀನಿನವರು ಸಜ್ಜನರು. "ಅಮ್ಮ ಹಾಡುವುದಾ? ಹಾಗಾದರೆ ನಾನೂ ಕೇಳುತ್ತೇನೆ ಮಾರಾಯ್ರೆ," ಎಂದು ಸೈಕಲನ್ನು ನಮ್ಮ ಗೇಟಿಗೆ ಒರಗಿಸಿ, ಚಪ್ಪಲಿ ಕಳಚಿ, ಅಂಗಳದ ಬದಿಯಲ್ಲಿ ಕೈಕಟ್ಟಿ ನಿಂತರು. ಒಂದು ಕೆಮ್ಮು ಕೂಡ ಇಲ್ಲ. ಆದರೆ ಹಾಡು ಎರಡನೆಯ ನುಡಿಗೆ ಬರುವಾಗ ಊರಿನ ಕಾಗೆಗಳೆಲ್ಲ ಮೀನಿನ ಬುಟ್ಟಿಯ ಮೇಲೆ ಸಭೆ ಸೇರಿದವು.

ಇಂದಿಗೂ ಆ ಕ್ಯಾಸೆಟ್ಟಿನಲ್ಲಿ ಕೃಷ್ಣ ನಿದ್ದೆ ಮಾಡುವ ಲಕ್ಷಣ ಇಲ್ಲ.

ಮದುಮಗ ಸಿಕ್ಕಿದ್ದು

ಐದನೆಯ ದಿನ ಮಧ್ಯಾಹ್ನ ಭಾವನಿಗೆ ಬೊಂಬಾಯಿಯ ಬಸ್ಸು. ಹಸೆಗೆ ಕರೆಯುವ ಹಾಡು ಮಾತ್ರ ಇನ್ನೂ ಬಾಕಿ. ಅಮ್ಮ ಒಪ್ಪುತ್ತಲೇ ಇಲ್ಲ.

"ಮದುಮಗ ಇಲ್ಲ, ಮದುಮಗಳು ಇಲ್ಲ. ಖಾಲಿ ಚಾವಡಿಯಲ್ಲಿ ನಿಂತು ಯಾರನ್ನು ಕರೆಯಲಿ?"

"ಆ ಹಾಡಿಲ್ಲದೆ ಹೋದರೆ ನಿಮ್ಮ ಮಗಳು ಬಾಗಿಲು ತೆಗೆಯುವುದಿಲ್ಲ ಅತ್ತೆ!"

"ಕ್ರಮ ಅಂತ ಒಂದು ಉಂಟಲ್ಲ."

ಬೀಳ್ಕೊಡಲು ಕಾರ್ಕಳದಿಂದ ಭಾವನ ತಂದೆ ತಾಯಿ ಬಂದಿದ್ದರು. ಊಟಕ್ಕೆ ಎಲೆ ಹಾಕುವ ಮೊದಲು ಅವರಿಗೆ ಆದಷ್ಟು ಹಾಡು ಕೇಳಿಸುವ ಎಂದು ನಾನು ಕ್ಯಾಸೆಟ್ ಹಾಕಿದೆ. ಕ್ಯಾಸೆಟ್ ಹೊಸದಲ್ಲ. ಸುಮ್ಮನೆ ಖರ್ಚು ಯಾಕೆಂದು ತಂಗಿಯ ಕಪಾಟಿನಲ್ಲಿ ಸಿಕ್ಕಿದ್ದನ್ನು ಕೊಟ್ಟಿದ್ದೆ. ಮದುವೆಯಾದ ಹೊಸದರಲ್ಲಿ ಭಾವ ಕಾಗದದ ಬದಲು ಮಾತಾಡಿ ಅವಳಿಗೆ ಕಳುಹಿಸಿದ ಕ್ಯಾಸೆಟ್ ಅದೆಂದು ನನಗೇನು ಗೊತ್ತು? ಅಮ್ಮನ ಹಾಡು ಮುಗಿದದ್ದೇ, ಅಳಿಸದೆ ಉಳಿದ ಭಾಗದಿಂದ ಭಾವನ ದನಿ ಹೊರಟಿತು:

"...ಮದುವೆಯ ದಿನ ನಾನು ನಿನ್ನನ್ನು ನೋಡಿದ್ದಕ್ಕಿಂತ ಅಡುಗೆಯವರ ಕಡೆ ನೋಡಿದ್ದೇ ಹೆಚ್ಚು, ಗೊತ್ತುಂಟಾ? ಬೆಳಗಿನಿಂದ ಉಪವಾಸ. ನಿನ್ನ ಅಮ್ಮ ಹಸೆಗೆ ಕರೀತಾರೆ, ಕರೀತಾರೆ, ಕರೀತಾನೇ ಇದ್ದಾರೆ! ನಾನು ಬಂದು ನಿಂತು ಅರ್ಧ ಗಂಟೆ ಆಯ್ತು ಮಾರಾಯ್ತಿ, ಬಂದವನನ್ನು ಮತ್ತೆ ಎಂತಕ್ಕೆ ಕರೆಯುವುದು?"

ಭಾವ ಹಾರಿ ಬಂದು ಮೆಷಿನಿಗೆ ಕೈಹಾಕಿದರು. ಅವಸರದಲ್ಲಿ ತಿರುಗಿಸಿದ್ದು ದನಿ ಜೋರಾಗುವ ಕಡೆಗೆ.

ಕೊನೆಗೆ ನಾನೇ ನಿಲ್ಲಿಸಿದೆ. ಅಮ್ಮ ಎದ್ದು, ಗೋಡೆಗೆ ಒರಗಿಸಿದ್ದ ಮಣೆಯನ್ನು ತಂದು ಚಾವಡಿಯ ನಡುವೆ ಇಟ್ಟು, ಅದರ ಮುಂದೆ ರಂಗೋಲಿಯ ನಾಲ್ಕು ಗೆರೆ ಎಳೆದರು. ನನ್ನ ಕಡೆ ತಿರುಗಿ, "ಇವರು ಮಾತಾಡಿದ ಜಾಗದಲ್ಲೇ ನನ್ನ ಹಾಡು ಹಿಡಿ," ಎಂದರು. ಮತ್ತೆ ಭಾವನಿಗೆ:

"ಮದುಮಗ ಸಿಕ್ಕಿದರಲ್ಲ. ಅಳಿಯಂದಿರೇ, ಅಂಗಳಕ್ಕೆ ಹೋಗಿ ನಿಲ್ಲಿ. ಕರೆಯುತ್ತೇನೆ."

"ಅತ್ತೆ, ಊಟ... ಬಸ್ಸು..."

"ಹದಿನೆಂಟು ನುಡಿ ಉಂಟು. ಆ ದಿನ ಮುಹೂರ್ತ ಮೀರುತ್ತದೆ ಅಂತ ಪುರೋಹಿತರು ಅವಸರ ಮಾಡಿದ್ದಕ್ಕೆ ನಾನು ಹತ್ತೇ ಹೇಳಿದ್ದು."