ಅಳಿಯನ ಠಾಣೆಯಲ್ಲಿ ಮಾವನ ಕಾಯಿದೆ

ಪೊಲೀಸ್ ಠಾಣೆಯೂ ಒಂದು ಲಿಮಿಟೆಡ್ ಕಂಪನಿ, ನಾವು ನೀವೆಲ್ಲ ಅದರ ಷೇರುದಾರರು! ಇದು ನನ್ನ ಸೋದರಮಾವನ ಸಿದ್ಧಾಂತ. ನಂದೂರಿನ ಬೇಳೆ ಕಂಪನಿಯೊಂದಕ್ಕೆ ಸೆಕ್ರೆಟರಿಯಾಗಿದ್ದವರು. ನಿವೃತ್ತರಾದವರು ಮೊಮ್ಮಕ್ಕಳನ್ನು ಆಡಿಸಬೇಕಲ್ಲವೇ? ಇವರು ಕಲಬುರಗಿಯ ಒಂದು ಠಾಣೆಯ (ಯಾವುದೆಂದು ಕೇಳಬೇಡಿ!) ನಾಗರಿಕ ಸಮಿತಿ ಸೇರಿ ಪೊಲೀಸರನ್ನು ಆಡಿಸತೊಡಗಿದರು.

ಮೊದಲ ದಿನವೇ, "ಹೋದ ಸಭಿ ನಡಾವಳಿ ಓದ್ರಿ" ಅಂದರು.

ಹವಾಲ್ದಾರ ತಲೆ ಕೆರೆದುಕೊಂಡ. "ಹೋದ ಸಭಿಯಾಗ ಚಹಾ ಕುಡದಿದ್ವಿ, ಅಷ್ಟೇ ರೀ."

"ಹಂಗಾರ ಅದನ್ನೇ ಬರೀರಿ!"

ಅಷ್ಟರಲ್ಲಿ ಆ ಠಾಣೆಗೆ ಫೌಜದಾರನಾಗಿ ವರ್ಗವಾಗಿ ಬಂದವನು ಯಾರು? ಮಾವನ ಸ್ವಂತ ಅಳಿಯ, ಮಗಳ ಗಂಡ! ಬೇರೆಯವರಾಗಿದ್ದರೆ ಮೀಸೆ ತಿರುವುತ್ತಿದ್ದರು. ಇವರು ಮಗಳ ಕ್ವಾರ್ಟರ್ಸಿಗೆ ಹೋಗುವುದನ್ನೇ ಬಿಟ್ಟರು. "ಅವರ ಮನ್ಯಾಗ ಉಂಡು ಅವರನ್ನ ಹ್ಯಾಂಗ ಪ್ರಶ್ನಿ ಕೇಳ್ಲಿ?" ಮಗಳಿಗೆ, ಅಂದರೆ ನಮ್ಮ ಅಕ್ಕನಿಗೆ, ಸಿಟ್ಟೂ ಅಳುವೂ ಒಟ್ಟಿಗೇ ಬಂದವು. "ಅಪ್ಪಾ, ನಾ ನಿನಗ ಮಗಳಿದ್ದೀನೋ, ಲಂಚ ಇದ್ದೀನೋ?"

ಹೀಗಿರುವಾಗ ಕಮಲಾಪುರದ ಕೆಂಪು ಬಾಳೆಹಣ್ಣನ್ನು ಗಾಡಿಯಲ್ಲಿ ಮಾರುವ ಚಾಚಾ ಸಮಿತಿಗೆ ದೂರು ತಂದ. ದಾರಿಗೆ ಅಡ್ಡ ನಿಂತನೆಂದು ಫೌಜದಾರರು ಕಪಾಳಕ್ಕೆ ಹೊಡೆದಿದ್ದಾರಂತೆ. "ಸುಳ್ಳು" ಅಂದ ಅಳಿಯ. ಸದಸ್ಯರೆಲ್ಲ ಒಮ್ಮೆಲೇ ಫ್ಯಾನು ನೋಡತೊಡಗಿದರು.

ಮಾವ ಎದ್ದರು. "ಇದು ನನ್ನ ಅಳಿಯನ ವಿಷಯ. ಕಂಪನಿ ಕಾಯಿದೆ ಪ್ರಕಾರ ನಾ ಒಳಗ ಕೂಡಬಾರದು" ಅಂದವರೇ ಹೊರಗೆ ನಡೆದರು!

"ಸಾಬ್, ನೀವೂ ಹೋದ್ರ ನಮಗ ಯಾರ್ ಅದಾರ್ರೀ?" ಚಾಚಾ ಹಿಂದಿನಿಂದ ಕೂಗಿದ. ಜೊತೆಗೆ ಹೋಗಿದ್ದ ನನಗೆ ಮೈಯೆಲ್ಲ ಉರಿಯಿತು. ಸುಡುಗಾಡು ಕಾಯಿದೆ!

ಹೊಸ್ತಿಲು ದಾಟಿದ ಮಾವ ಗಕ್ಕನೆ ತಿರುಗಿದರು. "ಸದಸ್ಯ ಹೊರಗ ಹೋದ. ಈಗ ಸಾಕ್ಷಿ ಒಳಗ ಬರ್ಲೇನ್ರಿ? ಆವತ್ತು ಎದುರಿನ ಅಂಗಡ್ಯಾಗ ನಿಂತಿದ್ದೆ. ಹೊಡದದ್ದು ಕಣ್ಣಾರೆ ನೋಡೀನಿ."

ಅಳಿಯ ಕುರ್ಚಿ ಬಿಟ್ಟು ಎದ್ದ. ಆಮೇಲೆ ಟೋಪಿ ತೆಗೆದು ಚಾಚಾನಿಗೆ ಕೈಮುಗಿದ. "ತಪ್ಪಾತ್ರೀ."

ಮಾವ ಅದನ್ನು ನೋಡಲು ನಿಲ್ಲಲಿಲ್ಲ. ಹೊರಗಿನ ಬೆಂಚಿನ ಮೇಲೆ ಕುಸಿದು ಕೂತಿದ್ದರು. "ಮಗಳು ಇನ್ನ ನನ್ನ ಜೋಡಿ ಮಾತಾಡ್ತಾಳೇನ?" ಅಂದರು.

ಆಗ ಅಳಿಯ ಬಂದು ಫೋನು ಚಾಚಿದ. "ತಗೋರಿ ಮಾವಾರ. ಆಕಿಗಿ ಎಲ್ಲಾ ಹೇಳೀನಿ."

ಅಕ್ಕನ ದನಿ ನನಗೂ ಕೇಳಿಸಿತು. "ಅಪ್ಪಾ, ನಿನಗ ಶುಗರ್ ಅದ, ಊಟದ ಹೊತ್ತು ಮೀರ್ಯದ. ಪ್ರಶ್ನಿ ಕೇಳಿ ಆತಿಲ್ಲ? ಈಗಾರ ಉಣ್ಣಾಕ ಬಾ."

ಮಾವ ಕಣ್ಣೊರೆಸಿಕೊಂಡು ಎದ್ದರು. ಅಳಿಯ ಜೀಪು ಕರೆಸಲು ಹೊರಟ.

"ಸ್ವಂತ ಊಟಕ್ಕ ಸರ್ಕಾರಿ ಜೀಪೇನ್ರಿ, ಅಳಿಯಂದ್ರ?"

ಅವನು ಮಾವನ ಕೈ ಹಿಡಿದು, ಅವರ ಹೆಜ್ಜೆಗೆ ಹೆಜ್ಜೆ ಹಾಕುತ್ತ, ಆ ಬಿಸಿಲಲ್ಲಿ ಮನೆಯ ತನಕ ನಡೆಸಿಕೊಂಡು ಹೋದ.