ಕಾರಿನ ವಿಡಿಯೋಗೆಂದು ನಾನು ಆರಿಸಿ ತಂದ ಕೋಲು

ಹಿತ್ತಲ ಬಾಗಿಲಲ್ಲಿ ಕುಳಿತು ಹುಣಸೆಹಣ್ಣಿನ ಬೀಜ ಬಿಡಿಸುತ್ತಿದ್ದೆ. ಕೈಯೆಲ್ಲ ಅಂಟು. ನಮ್ಮ ಯಜಮಾನರು ಚಪ್ಪಲಿಯನ್ನೂ ಬಿಡದೆ ಒಳಗೆ ಬಂದು, "ಲೇ, ಪಾರ್ಟಿ ಕೈ ತಪ್ಪಂಗೈತೆ!" ಎಂದರು.

ಯಾವ ಪಾರ್ಟಿ ಎಂದು ಮೊದಲು ಹೇಳಬೇಕು. ಇವರು ಬೇರೆಯವರ ಗಾಡಿ ಓಡಿಸಿ ಬೆನ್ನು ಸವೆಸಿಕೊಂಡ ಮೇಲೆ, ಸ್ವಂತದ್ದೊಂದು ಇರಲಿ ಎಂದು ಹಿರಿಯೂರಿನ ಹೈವೇ ಪಕ್ಕದ ಖಾಲಿ ಸೈಟಿನಲ್ಲಿ ಹಳೇ ಕಾರು ಮಾರುವ ವ್ಯಾಪಾರ ಶುರು ಮಾಡಿದ್ದಾರೆ. ಬೋರ್ಡಿಗೆ ಹೂವು ಏರಿಸಿದ ದಿನದಿಂದ ಒಂದು ಕಾರೂ ಅಲ್ಲಿಂದ ಕದಲಿರಲಿಲ್ಲ. ದೇವರ ದಯೆ, ಕಳುವೂ ಆಗಿರಲಿಲ್ಲ. ಕೊನೆಗೆ ಚಿಕ್ಕಜಾಜೂರಿನ ರೈಲ್ವೆ ನೌಕರರೊಬ್ಬರು ಬಿಳಿ ಕಾರನ್ನು ಕೇಳಿದರು. ಸುಮ್ಮನೆ ಬಂದು ನೋಡಿ ಹೋಗಲು ಅವರಿಗೆ ರಜೆ ಇಲ್ಲ. ವಿಡಿಯೋ ಕಳಿಸಿ, ಮನಸ್ಸಿಗೆ ಬಂದರೆ ಅಡ್ವಾನ್ಸ್ ಹಿಡಿದುಕೊಂಡೇ ಬರುತ್ತೇನೆ ಎಂದಿದ್ದರು. ಇವರು ಕಾರಿನ ಸುತ್ತ ನಡೆಯುತ್ತಾ ಫೋನಿನಲ್ಲಿ ವಿಡಿಯೋ ತೆಗೆದು ಕಳಿಸಿದ್ದರು.

"ನೋಡಿ ಏನಂದ್ರು?"

"ನಿಂತಿರೋ ಗಾಡಿ ಯಾಕ್ರಿ ಹಿಂಗೆ ನಡುಗ್ತೈತೆ, ಚಳಿಜ್ವರ ಬಂದೈತಾ ಅಂದ್ರು!"

ನಡುಗಿದ್ದು ಇವರ ಕೈ, ಹೆಸರು ಕೆಟ್ಟಿದ್ದು ಕಾರಿನದು. ಸಂಜೆಯೊಳಗೆ ಕಾರು ಓಡುವ ಒಳ್ಳೆಯ ವಿಡಿಯೋ ಕಳಿಸದಿದ್ದರೆ ಪಾರ್ಟಿ ಹೊಳಲ್ಕೆರೆಯಲ್ಲಿ ನೋಡಿಟ್ಟಿರುವ ಇನ್ನೊಂದು ಕಾರಿಗೆ ಮಾತು ಕೊಡುತ್ತಾರಂತೆ. ಅದಕ್ಕೆ ತುರ್ತಾಗಿ ಸ್ಟೆಬಿಲೈಜರ್ ಬೇಕು ಎಂದರು ಇವರು. ಹಿಡಿದವರ ಕೈ ಎಷ್ಟೇ ಅಲ್ಲಾಡಲಿ, ಫೋನನ್ನು ಮಾತ್ರ ಅಲ್ಲಾಡದಂತೆ ಕಾಯುವ ಸಾಧನವಂತೆ ಅದು.

"ನೀವು ಕಾರು ತೊಳೀರಿ. ಸ್ಟೆಬಿಲೈಜರ್ ನಾನು ಆರಿಸ್ಕಂಡು ಬರ್ತೀನಿ," ಎಂದೆ.

"ನಿನಗೆ ಗೊತ್ತಾಗ್ತೈತಾ?"

ಇದೆಂಥ ಪ್ರಶ್ನೆ! ನಾನು ಹಿರಿಯೂರಿನವಳು. ತೆಂಗಿನಕಾಯಿಯನ್ನು ಕಿವಿಯ ಹತ್ತಿರ ಅಲ್ಲಾಡಿಸಿ ಅದರ ಒಳಗಿನ ಕಷ್ಟಸುಖ ಹೇಳಬಲ್ಲವಳು. ಒಂದು ಕೋಲು ಆರಿಸಲಾರೆನೇ?

ಪಕ್ಕದ ಮನೆಯ ಗೌರಕ್ಕನ ಸ್ಕೂಟಿ ಹತ್ತಿ ಬಸ್‌ಸ್ಟ್ಯಾಂಡ್ ಹತ್ತಿರದ ಮೊಬೈಲ್ ಅಂಗಡಿಗೆ ಹೋದೆವು. ಅಂಗಡಿಯ ನಯಾಜಣ್ಣ ಮರ್ಯಾದಸ್ಥ. ಡಬ್ಬಿಯಿಂದ ಕಪ್ಪಗಿನ ವಸ್ತುವೊಂದನ್ನು ತೆಗೆದು ಕೈಗೆ ಕೊಟ್ಟರು. ತೆಗೆದುಕೊಂಡು ಅಲ್ಲಾಡಿಸಿದೆ. ಅದರ ಕತ್ತು ಲೊಳಕ್ಕೆಂದು ಈ ಕಡೆ ಬಿತ್ತು, ಆ ಕಡೆ ಬಿತ್ತು. ಹಸುಗೂಸಿನ ಹಾಗೆ!

"ಇದರ ಕತ್ತೇ ನಿಲ್ಲಲ್ಲ. ಇದು ನಮ್ ಫೋನನ್ನ ಏನು ನಿಲ್ಲಿಸ್ತೈತೆ?"

"ಚಾರ್ಜ್ ಇಲ್ಲ ಅಕ್ಕಾರೆ. ಆನ್ ಮಾಡಿದ್ರೆ ತಾನೇ ನೆಟ್ಟಗಾಗ್ತೈತೆ."

ಚಾರ್ಜ್ ಇದ್ದ ಇನ್ನೊಂದನ್ನು ಆನ್ ಮಾಡಿ ಕೊಟ್ಟರು. ನಾನು ಕೈಯನ್ನು ಎಡಕ್ಕೆ ವಾಲಿಸಿದೆ. ಅದು ವಾಲಲಿಲ್ಲ. ಬಲಕ್ಕೆ ವಾಲಿಸಿದೆ. ಜಪ್ಪಯ್ಯ ಎನ್ನಲಿಲ್ಲ. ನಾನು ಏನೇ ಮಾಡಲಿ, ತನಗೆ ಬೇಕಾದ ಕಡೆಗೇ ಮುಖ ಮಾಡಿಕೊಂಡು ನಿಂತಿತ್ತು.

"ಅಕ್ಕಾರೆ, ಇದೇ ಇದರ ಗುಣ!" ಎಂದರು ನಯಾಜಣ್ಣ ಹೆಮ್ಮೆಯಿಂದ.

"ಹೇಳಿದ್ ಮಾತು ಕೇಳ್ದಿರೋದು ನಮ್ಮನೇಲಿ ಆಗ್ಲೇ ಒಂದೈತೆ. ಇದು ಬ್ಯಾಡ," ಎಂದೆ.

ಗೌರಕ್ಕ ನಕ್ಕು ಗಾಜಿನ ಕಪಾಟಿಗೆ ಒರಗಿದಳು.

ಆಗ ಕಣ್ಣಿಗೆ ಬಿತ್ತು ಆ ಕೋಲು! ಮೂಲೆಯಲ್ಲಿ ನೆಟ್ಟಗೆ ನಿಂತಿತ್ತು. ಎತ್ತಿ ಕಿವಿಯ ಹತ್ತಿರ ಅಲ್ಲಾಡಿಸಿದೆ, ಒಂದು ಸದ್ದಿಲ್ಲ. ಕತ್ತು ತಿರುಚಿದೆ, ಕದಲಲಿಲ್ಲ. ತಲೆಯ ಮೇಲೆ ಫೋನ್ ಕಚ್ಚಿ ಹಿಡಿಯುವ ಕ್ಲಿಪ್ಪು, ಗಟ್ಟಿ ತಿರುಪು.

"ಅಕ್ಕಾರೆ, ಅದು ಬರೀ ಕೋಲು. ಒಂದ್ಕಡೆ ಇಟ್ಟು ಫೋಟೋ ತಗಳ್ಳಾಕೆ. ಓಡಾಡ್ಕಂತ ಹಿಡಿಯಾಕಲ್ಲ."

ದುಬಾರಿಯದನ್ನು ಮಾರಲು ಅಂಗಡಿಯವರು ಹೀಗೆ ಹೇಳುವುದುಂಟು. ನಾನು ಮೋಸ ಹೋಗುವವಳೇ? ಕೋಲು ಹಿಡಿದು ವಿಜಯಶಾಲಿಯಾಗಿ ಹೊರಬಂದೆ.

ಹೊಸ ವಸ್ತುವನ್ನು ದೇವರ ಮುಂದೆ ಇಡದೆ ಬಳಸುವ ಪದ್ಧತಿ ನಮ್ಮ ಮನೆಯಲ್ಲಿಲ್ಲ. ಅರಿಶಿನ ಕುಂಕುಮ ಹಚ್ಚಿ, ತುದಿಗೆ ಒಂದು ಮೊಳ ಕನಕಾಂಬರ ಸುತ್ತಿ, ನಮಸ್ಕರಿಸಿ ಸೈಟಿಗೆ ಒಯ್ದೆ.

ಇವರು ಕೋಲನ್ನು ನೋಡಿದರು. ನನ್ನನ್ನು ನೋಡಿದರು. "ಇದು ಸ್ಟೆಬಿಲೈಜರಾ?"

"ಅಲ್ಲಾಡ್ಸಿ ನೋಡ್ರಿ, ಅಲ್ಲಾಡಿದ್ರೆ ಕೇಳ್ರಿ."

ಅಲ್ಲಾಡಿಸಿದರು. ಅದು ಅಲ್ಲಾಡಲಿಲ್ಲ. ವಾದಕ್ಕೆ ಹೊತ್ತೂ ಇರಲಿಲ್ಲ.

ಸೈಟಿನಿಂದ ಸರ್ವಿಸ್ ರಸ್ತೆಗೆ ಹೊರಡುವಾಗಲೇ ಚಿತ್ರೀಕರಣ ಆರಂಭವಾಯಿತು. ಮುಂದೆ ಇವರು ಕಾರಿನಲ್ಲಿ. ಹಿಂದೆ ಗೌರಕ್ಕನ ಸ್ಕೂಟಿ. ಅದರ ಹಿಂದಿನ ಸೀಟಿನಲ್ಲಿ ಸೆರಗು ಸಿಕ್ಕಿಸಿ, ಎರಡೂ ಕೈಯಲ್ಲಿ ಕೋಲು ಹಿಡಿದ ನಾನು. ಮೊದಲ ಗುಂಡಿಯಲ್ಲೇ ನನಗೆ ಸತ್ಯದರ್ಶನವಾಯಿತು. ಸ್ಕೂಟಿ ಹಾರಿತು, ನಾನು ಹಾರಿದೆ, ಕೋಲು ಹಾರಿತು, ಫೋನೂ ಹಾರಿತು. ಕತ್ತು ಗಟ್ಟಿಯಿದ್ದುದಕ್ಕೆ ಒಂದು ಪೆಟ್ಟೂ ನಡುವೆ ಕರಗದೆ ನೇರವಾಗಿ ಫೋನಿಗೇ ಹೋಗಿ ತಲುಪುತ್ತಿತ್ತು! ದೇವರ ದಯೆ, ಫೋನ್ ಕೆಳಗೆ ಬೀಳಲಿಲ್ಲ.

ಇನ್ನು ಉಳಿದದ್ದು ತಾಯಿ ಚೌಡಮ್ಮ ಒಬ್ಬಳೇ. ಕಷ್ಟ ಬಂದಾಗ ಬಾಯಿಬಿಟ್ಟು ಬೇಡಿಕೊಳ್ಳುವುದು ನನ್ನ ಅಭ್ಯಾಸ.

"ಅಮ್ಮಾ ತಾಯೀ, ಈ ಕಾರು ಎಡಕ್ಕೆ ತಿರುಗಿಸಿದ್ರೆ ಹಾರನ್ ತಾನೇ ಕೂಗ್ಕಂತೈತೆ. ಇವತ್ತೊಂದಿನ ಅದರ ಬಾಯಿ ಕಟ್ಟಮ್ಮ! ಹಿಂದಿನ ಗ್ಲಾಸು ಇಳಿದ್ರೆ ಏರಲ್ಲ, ಇಳೀದಂಗೆ ನೋಡ್ಕಳಮ್ಮ. ಡಿಕ್ಕಿ ಒದ್ದರೇನೇ ತೆಗಿಯೋದು ಅಂತ ನಿನಗೂ ಗೊತ್ತು, ನನಗೂ ಗೊತ್ತು…"

ಐಬನ್ನು ಮುಚ್ಚಿಡು ಎಂದು ನಾನು ಕೇಳಲಿಲ್ಲ. ಇವತ್ತಿಗೆ ಸುಮ್ಮನಿರಿಸು ಎಂದೆ, ಅಷ್ಟೇ. ವ್ಯತ್ಯಾಸವಿದೆ.

ಇವರೂ ಜಾಣರು, ತಿರುಗಿದಾಗೆಲ್ಲ ಬಲಕ್ಕೇ ತಿರುಗುತ್ತಿದ್ದರು. ಆದರೆ ಬಲಗಡೆಯ ಮಣ್ಣುದಾರಿಯಿಂದ ಒಂದು ಕುರಿಹಿಂಡು ರಸ್ತೆಗಿಳಿಯಿತು. ಇವರು ಎಡಕ್ಕೆ ತಿರುಗಿಸಲೇಬೇಕಾಯಿತು. ಪೋಂ! ಕುರಿಗಳು ದಿಕ್ಕಾಪಾಲು. ಸ್ಕೂಟಿಯ ಬ್ರೇಕ್ ಕಿರ್ರೆಂದಿತು.

"ಏನಪ್ಪ, ಮದುವೆ ದಿಬ್ಬಣವಾ? ಹಾರನ್ ನಿಲ್ಸಪ್ಪ!" ಎಂದು ಕುರಿ ಕಾಯುವವರು ಕೂಗಿದರು.

"ನಿಲ್ಲಲ್ಲ ಕಣಣ್ಣ!" ಎಂದು ಪ್ರಾಮಾಣಿಕವಾಗಿ ಉತ್ತರಿಸಿದವಳು ನಾನೇ.

ಕುರಿಗಳು ಬರುವುದಕ್ಕೆ ಮುಂಚಿನದನ್ನಷ್ಟೇ ಕತ್ತರಿಸಿ ಕಳಿಸೋಣ ಎಂದು ಇವರು ಸೈಟಿನಲ್ಲಿ ನಿಂತು ನೋಡಿದರು. ಕಾರು ಕುಣಿಯುತ್ತಿತ್ತು, ಅದರ ಮುಂದೆ ಕನಕಾಂಬರ ಕುಣಿಯುತ್ತಿತ್ತು. "ಏನೂ ಇಲ್ದಿರೋದಕ್ಕಿಂತ ವಾಸಿ," ಎಂದು ಕಳಿಸಿಯೇಬಿಟ್ಟರು. ಹೈವೇ ಲಾರಿಗಳ ಸದ್ದಿನಲ್ಲಿ ವಿಡಿಯೋದ ಧ್ವನಿ ಯಾರ ಕಿವಿಗೂ ಬಿದ್ದಿರಲಿಲ್ಲ.

ಚಿಕ್ಕಜಾಜೂರಿನಲ್ಲಿ ಬಿತ್ತು.

ನಾವು ಮನೆಗೆ ಬರುವಷ್ಟರಲ್ಲಿ ಫೋನ್ ಬಂತು. ಇವರು ಸ್ಪೀಕರ್ ಹಾಕಿದರು.

"ಯಜಮಾನ್ರೆ, ನಾನು ರೈಲ್ವೇಲಿ ಕೆಲ್ಸ ಮಾಡೋನು. ಗೂಡ್ಸ್ ಗಾಡಿ ಕೊನೇ ಡಬ್ಬೀಲೂ ಇಷ್ಟು ಕುಲುಕಾಡಿಲ್ಲ."

"ಹಂಗಲ್ಲ ಸಾರ್, ಕಾರು…"

"ಕಾರು ಎಲ್ಲಿ ಕಾಣ್ತೈತೆ? ಬರೀ ಹೂವು ಕಾಣ್ತೈತೆ. ಆದ್ರೆ ಕೇಳಿಸ್ತು ನೋಡ್ರಿ, ಎಲ್ಲ ನಿಚ್ಚಳವಾಗಿ ಕೇಳಿಸ್ತು. ಎಡಕ್ಕೆ ತಿರುಗಿಸಿದ್ರೆ ಹಾರನ್ ಕೂಗ್ತೈತಂತೆ. ಗ್ಲಾಸು ಏರಲ್ಲಂತೆ. ಡಿಕ್ಕಿಗೆ ಒದೀಬೇಕಂತೆ."

ಇವರು ನನ್ನನ್ನು ನೋಡಿದ ನೋಟವನ್ನು ಬರೆಯಲು ಅಕ್ಷರಗಳಿಲ್ಲ. ನಾನು ಗೋಡೆಯ ಕ್ಯಾಲೆಂಡರಿನಲ್ಲಿ ಏಕಾದಶಿ ಯಾವಾಗ ಎಂದು ಹುಡುಕತೊಡಗಿದೆ.

"ಬಿಳಿ ಗಾಡಿ ಬ್ಯಾಡ ಬಿಡ್ರಿ," ಎಂದರು ಅವರು. "ಸೈಟಿಂದ ಹೊರಡೋವಾಗ ಒಂದು ಕೆಂಪು ಗಾಡಿ ಕಾಣ್ತಲ್ಲ, ಅದರ ವಿಡಿಯೋ ಕಳಿಸ್ರಿ. ಇದೇ ಅಕ್ಕಾರೇ ತೆಗೀಬೇಕು. ಕೈ ಹೆಂಗನ ಅಲ್ಲಾಡ್ಲಿ, ದೇವ್ರಿಗೆ ಹೇಳೋದು ಮಾತ್ರ ಹಿಂಗೇ ಬಾಯಿಬಿಟ್ಟು ಹೇಳ್ಲಿ. ಏನೂ ಹೇಳದಂಗಿದ್ರೆ ಆ ಗಾಡಿ ನನಗೇ. ನಾಳೆ ಸಂಜೆವರೆಗೂ ಹೊಳಲ್ಕೆರೆಯೋರಿಗೆ ಮಾತು ಕೊಡಲ್ಲ."

ಫೋನ್ ಇಟ್ಟಾಯಿತು. ನಾನೇ ಧೈರ್ಯ ಮಾಡಿ ಕೇಳಿದೆ: "ಕೆಂಪು ಗಾಡೀಲಿ ಏನೈತ್ರಿ ಐಬು?"

"ನಿನಗೆ ಹೇಳಂಗಿಲ್ಲ!"

"ನಾನು ಯಾರಿಗೂ ಹೇಳಲ್ಲ."

"ಚೌಡಮ್ಮಂಗೆ?"

ನಾನು ದೀಪಕ್ಕೆ ಬತ್ತಿ ಹೊಸೆಯತೊಡಗಿದೆ.

ಇವರು ಕೆಂಪು ಕಾರಿನ ಬೀಗದ ಕೈ ತೆಗೆದುಕೊಂಡು ಸೀದಾ ಗ್ಯಾರೇಜಿಗೆ ಹೊರಟರು. ನಾಳೆ ನನ್ನ ಪ್ರಾರ್ಥನೆಗೆ ವಿಷಯವೇ ಉಳಿಯದಂತೆ ಎಲ್ಲ ರಿಪೇರಿ ಆಗಬೇಕಲ್ಲ! ಮದುವೆಯಾದಾಗಿನಿಂದ ನನ್ನ ಪೂಜೆ ಪುನಸ್ಕಾರಗಳನ್ನು ಇವರು ಇಷ್ಟು ಗಂಭೀರವಾಗಿ ತೆಗೆದುಕೊಂಡದ್ದು ಇದೇ ಮೊದಲು. ಅದೂ ಭಕ್ತಿಯಿಂದಲ್ಲ, ಭಯದಿಂದ.

ಕತ್ತಲಾಗುತ್ತಿತ್ತು. ದೀಪ ಹಚ್ಚಿ, ಮುದ್ದೆಗೆ ಎಸರಿಟ್ಟೆ. ಕೆಂಪು ಗಾಡಿಯ ಬಗ್ಗೆ ತಾಯಿಗೆ ಒಂದು ಮಾತು ಹೇಳಬೇಕಿತ್ತು. ಬಾಯಿ ಮುಚ್ಚಿಕೊಂಡು ಮನಸ್ಸಿನಲ್ಲೇ ಹೇಳಿದೆ. ಫೋನು ಅಲ್ಲೇ ಕಟ್ಟೆಯ ಮೇಲಿತ್ತು.